ಭಾರದ ಬೈಕಿಗೆ ಡಾಲಿ: ಕೊಳ್ಳುವ ಮೊದಲು ನೆಲವನ್ನು ಅಳೆಯಿರಿ

ಪ್ರಶ್ನೆ: ನಾವು ಮೈಸೂರಿನ ಕುವೆಂಪುನಗರದಲ್ಲಿದ್ದೇವೆ. ಮಗ ಎರಡು ವರ್ಷದ ಕೆಲಸಕ್ಕೆಂದು ಹೊರದೇಶಕ್ಕೆ ಹೊರಟಿದ್ದಾನೆ. ಅವನ 650 ಸಿಸಿ ಕ್ರೂಸರ್ ಬೈಕು 241 ಕೆ.ಜಿ. ತೂಗುತ್ತದೆ, ಅದಕ್ಕೆ ಸೆಂಟರ್ ಸ್ಟ್ಯಾಂಡ್ ಇಲ್ಲ. ನಮ್ಮ ಪೋರ್ಟಿಕೊ 10 ಅಡಿ ಅಗಲ, 20 ಅಡಿ ಉದ್ದವಿದೆ. ಕಾರು ನಿಂತ ಮೇಲೆ ಒಳಗೋಡೆಯ ಪಕ್ಕ ನಾಲ್ಕೂವರೆ ಅಡಿ ಜಾಗ ಉಳಿಯುತ್ತದೆ. ಬೈಕನ್ನು ಅಲ್ಲಿ ಗೋಡೆಗೆ ಒತ್ತಿ ಅಡ್ಡಲಾಗಿ ನಿಲ್ಲಿಸಬೇಕು. ನನಗೆ 61 ವರ್ಷ, ಬೆನ್ನುನೋವೂ ಇದೆ. ಬೈಕನ್ನು ಮೇಲೆ ನಿಲ್ಲಿಸಿ ಸರಿಸುವ ಗಾಲಿಗಳ ತಟ್ಟೆಯನ್ನು, ಅಂದರೆ ಡಾಲಿಯೊಂದನ್ನು ಕೊಂಡರೆ ಗೇಟಿನಿಂದ ಒಳಗಿನವರೆಗೆ ಒಬ್ಬನೇ ತಳ್ಳಿಕೊಂಡು ಬರಬಹುದೇ? ಪೋರ್ಟಿಕೊದ ಟೈಲ್ಸ್ ಅದರ ಭಾರ ತಡೆಯುತ್ತವೆಯೇ? ಎರಡು ವರ್ಷ ಬೈಕನ್ನು ಡಾಲಿಯ ಮೇಲೆಯೇ ಬಿಡಬಹುದೇ?

ಉತ್ತರ: ಮಾನ್ಯರೇ, ನಿಮ್ಮ ಮೂರು ಪ್ರಶ್ನೆಗಳಲ್ಲಿ ಮೊದಲನೆಯದಕ್ಕೆ ಇಲ್ಲ ಎಂದೇ ಹೇಳಬೇಕಾಗಿದೆ, ಉಳಿದ ಎರಡಕ್ಕೆ ಷರತ್ತಿನ ಮೇಲೆ ಹೌದು ಎನ್ನಬಹುದು. ಡಾಲಿಯನ್ನು ಸಾಗಣೆಯ ಸಾಧನವೆಂದು ತಿಳಿದು ಕೊಂಡವರು ನನ್ನ ವರ್ಕ್‌ಶಾಪಿಗೆ ಒಡೆದ ಕನ್ನಡಿ, ಬಾಗಿದ ಹ್ಯಾಂಡಲ್ ಹೊತ್ತುಕೊಂಡು ಬಂದುದನ್ನು ನೋಡಿದ್ದೇನೆ. ಅದು ಬೈಕನ್ನು ನಿಂತಲ್ಲೇ ತಿರುಗಿಸಲು, ಗೋಡೆಗೆ ಒತ್ತರಿಸಲು ಇರುವ ಸಾಧನ. ಗೇಟಿನಿಂದ ಪೋರ್ಟಿಕೊದವರೆಗೆ ಬೈಕು ತನ್ನ ಚಕ್ರಗಳ ಮೇಲೆಯೇ ಬರಬೇಕು.

ಮೈಸೂರಿನವರಿಗೆ ಈ ಮಾತು ಸ್ವಲ್ಪ ಹೊಸದಾಗಿ ಕೇಳಿಸಬಹುದು. ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ಈ ಊರಿನಲ್ಲೇ ಜಾವಾ, ಯೆಜ್ಡಿ ಗಾಡಿಗಳನ್ನು ತಯಾರಿಸಿತು. ನನ್ನ ತಲೆಮಾರಿನವರು ಗಾಡಿ ನಿಲ್ಲಿಸುವುದನ್ನು ಕಲಿತದ್ದು ಅವುಗಳ ಮೇಲೆಯೇ. ಆ ಗಾಡಿಗಳ ತೂಕ 140 ಕೆ.ಜಿ. ಆಸುಪಾಸು. ಡಬಲ್ ಸ್ಟ್ಯಾಂಡ್ ಹಾಕಿ, ಹಿಂಬದಿಯನ್ನು ಸ್ವಲ್ಪ ಎತ್ತಿ, ರೆಡ್ ಆಕ್ಸೈಡ್ ನೆಲದ ಮೇಲೆ ಒಂದು ಸುತ್ತು ತಿರುಗಿಸಿದರೆ ಕೆಲಸ ಮುಗಿಯುತ್ತಿತ್ತು. ಆ ಸ್ಟ್ಯಾಂಡಿನ ಗೀರುಗಳು ಎಷ್ಟೋ ಹಳೆಯ ಮನೆಗಳ ಹಜಾರದಲ್ಲಿ ಇಂದಿಗೂ ಇವೆ. ನಿಮ್ಮ ಮಗನ ಬೈಕು ಅದಕ್ಕಿಂತ ನೂರು ಕೆ.ಜಿ. ಹೆಚ್ಚು ತೂಗುತ್ತದೆ, ಎತ್ತಲು ಸ್ಟ್ಯಾಂಡೂ ಇಲ್ಲ. ಹಳೆಯ ಕೈಚಳಕವನ್ನು ನಂಬಿ ಇದಕ್ಕೆ ಕೈ ಹಾಕಬೇಡಿ, ಅದರಲ್ಲೂ ಬೆನ್ನುನೋವು ಇರುವಾಗ.

ಡಾಲಿ ದೂರ ಸಾಗಿಸಲು ಏಕೆ ಆಗದು ಎಂಬುದು ಒಂದು ಲೆಕ್ಕದಲ್ಲಿ ಸ್ಪಷ್ಟವಾಗುತ್ತದೆ. ನೆಲದಲ್ಲಿ 8 ಮಿ.ಮೀ. ಎತ್ತರದ ಅಂಚೊಂದಿದೆ ಎಂದುಕೊಳ್ಳಿ. ಎರಡು ಕಲ್ಲುಚಪ್ಪಡಿಗಳ ನಡುವಿನ ಏರುಪೇರು, ಮೋರಿಯ ಮೇಲಿನ ಕಬ್ಬಿಣದ ಜಾಲರಿಯ ಅಂಚು ಇಷ್ಟು ಇದ್ದೇ ಇರುತ್ತದೆ. 50 ಮಿ.ಮೀ. ವ್ಯಾಸದ ಗಾಲಿ ಅದನ್ನು ಹತ್ತಬೇಕಾದರೆ ಆ ಗಾಲಿಯ ಮೇಲೆ ಎಷ್ಟು ತೂಕವಿದೆಯೋ ಅದಕ್ಕಿಂತಲೂ ತುಸು ಹೆಚ್ಚು ಬಲದಿಂದ ತಳ್ಳಬೇಕು. 75 ಮಿ.ಮೀ. ಗಾಲಿಗೆ ತೂಕದ ಮುಕ್ಕಾಲು ಭಾಗದಷ್ಟು, 100 ಮಿ.ಮೀ. ಗಾಲಿಗೆ ಮೂರನೇ ಎರಡು ಭಾಗದಷ್ಟು ಬಲ ಬೇಕಾಗುತ್ತದೆ. ಅದೇ ಅಂಚನ್ನು ಬೈಕಿನ ಸ್ವಂತ ಚಕ್ರ ತನ್ನ ಮೇಲಿನ ತೂಕದ ನಾಲ್ಕನೇ ಒಂದು ಭಾಗಕ್ಕಿಂತ ಕಡಿಮೆ ಬಲದಲ್ಲಿ ದಾಟುತ್ತದೆ, ಟೈರಿನ ಗಾಳಿ ಆ ಹೊಡೆತವನ್ನೂ ನುಂಗಿಕೊಳ್ಳುತ್ತದೆ. ದೊಡ್ಡ ಚಕ್ರಗಳಿರುವ ಗಾಡಿಯನ್ನು ಸಣ್ಣ ಗಾಲಿಗಳ ಮೇಲೆ ಹತ್ತಿಸಿ ಏರುಪೇರಿನ ನೆಲದಲ್ಲಿ ತಳ್ಳುವುದರಿಂದ ಶ್ರಮ ಹೆಚ್ಚುತ್ತದೆ, ಅಪಾಯವೂ ಹೆಚ್ಚುತ್ತದೆ.

ಆದ್ದರಿಂದ ಡಾಲಿಯ ವಿಚಾರಕ್ಕೆ ಮೊದಲು ಪೋರ್ಟಿಕೊದ ನೆಲವನ್ನು ಪರೀಕ್ಷಿಸಿ. ಮಳೆನೀರು ನಿಲ್ಲಬಾರದೆಂದು ನಮ್ಮಲ್ಲಿ ಪೋರ್ಟಿಕೊವನ್ನು ಗೇಟಿನ ಕಡೆಗೆ ಇಳಿಜಾರಾಗಿಯೇ ಹಾಕುತ್ತಾರೆ. ಕಣ್ಣಿಗೆ ಅದು ಮಟ್ಟಸವಾಗಿ ಕಂಡರೂ ಗಾಲಿಗೆ ಹಾಗೆ ತೋರುವುದಿಲ್ಲ. ಗಾರೆ ಕೆಲಸದವರಿಂದ ಎರಡು ಅಡಿ ಉದ್ದದ ರಸಮಟ್ಟ ತಂದು ಗೇಟಿನ ದಿಕ್ಕಿಗೆ ಇಟ್ಟು, ಗುಳ್ಳೆ ನಡುವೆ ಬರುವವರೆಗೆ ತಗ್ಗಿನ ತುದಿಯನ್ನು ಎತ್ತಿ, ಅಡಿಯ ಸಂದನ್ನು ಅಳೆಯಿರಿ. ಸಂದು 6 ಮಿ.ಮೀ. ಇದ್ದರೆ ಇಳಿಜಾರು ನೂರಕ್ಕೆ ಒಂದು. ಬೈಕು, ಡಾಲಿ ಎರಡೂ ಸೇರಿ 276 ಕೆ.ಜಿ. ಎಂದಿಟ್ಟುಕೊಂಡರೆ ಅದು ತನ್ನನ್ನು ತಾನೇ ಮೂರು ಕೆ.ಜಿ.ಯಷ್ಟು ಬಲದಿಂದ ಗೇಟಿನತ್ತ ಎಳೆದುಕೊಳ್ಳುತ್ತದೆ. ಸಂದು 12 ಮಿ.ಮೀ. ಇದ್ದರೆ ಎಳೆತ ಐದೂವರೆ ಕೆ.ಜಿ. ಆಗುತ್ತದೆ. ಒಳ್ಳೆಯ ಗಾಲಿಗಳ ಮೇಲೆ ಅಷ್ಟು ಎಳೆತವಿದ್ದರೆ ಕೈಬಿಟ್ಟೊಡನೆ ಡಾಲಿ ತಾನಾಗಿ ಹೊರಡಬಲ್ಲದು. ನೂರಕ್ಕೆ ಒಂದರವರೆಗೆ ಜಾಗ್ರತೆಯಿಂದ ಬಳಸಬಹುದೆಂಬುದು ನನ್ನ ಅಭಿಪ್ರಾಯ. ಐವತ್ತಕ್ಕೆ ಒಂದು, ಅಥವಾ ಅದಕ್ಕಿಂತ ಹೆಚ್ಚು ಇಳಿಜಾರಿದ್ದರೆ ಡಾಲಿಯನ್ನು ಮರೆತುಬಿಡುವುದೇ ಒಳ್ಳೆಯದು. ಬೈಕನ್ನು ಕಾರಿನ ಪಕ್ಕಕ್ಕೆ ಉದ್ದುದ್ದಕ್ಕೆ ನಿಲ್ಲಿಸುವ ಬೇರೆ ದಾರಿ ಹುಡುಕಿರಿ.

ಟೈಲ್ಸ್ ವಿಷಯಕ್ಕೆ ಬರೋಣ. ‘ಕಾರೇ ನಿಲ್ಲುತ್ತದೆ, ಬೈಕು ನಿಲ್ಲುವುದಿಲ್ಲವೇ’ ಎಂದು ಬಹಳ ಜನ ಕೇಳುತ್ತಾರೆ. ಕಾರಿನ ಟೈರಿನಲ್ಲಿ 32 ಪಿಎಸ್‌ಐ ಗಾಳಿಯಿದ್ದರೆ ನೆಲದ ಮೇಲೆ ಬೀಳುವ ಒತ್ತಡ ಚದರ ಸೆಂಟಿಮೀಟರಿಗೆ ಸುಮಾರು ಎರಡೂಕಾಲು ಕೆ.ಜಿ. ಮಾತ್ರ, ಏಕೆಂದರೆ ಆ ಭಾರ ಅಂಗೈಯಷ್ಟು ಅಗಲಕ್ಕೆ ಹರಡುತ್ತದೆ. ಡಾಲಿಯ ಗಟ್ಟಿ ಗಾಲಿ ನೆಲವನ್ನು ಮುಟ್ಟುವುದು ಒಂದೆರಡು ಚದರ ಸೆಂಟಿಮೀಟರಿನಷ್ಟು ಜಾಗದಲ್ಲಿ. ಅದರ ಮೇಲೆ ಎಪ್ಪತ್ತು ಎಂಬತ್ತು ಕೆ.ಜಿ. ಕುಳಿತರೆ ಒತ್ತಡ ಕಾರಿನದಕ್ಕಿಂತ ಹತ್ತಾರು ಪಟ್ಟು ಹೆಚ್ಚಾಗುತ್ತದೆ. ಕೆಳಗೆ ಪೂರ್ತಿ ಸಿಮೆಂಟಿನ ಮೇಲೆ ಕೂತಿರುವ ಟೈಲು ಇದನ್ನು ತಡೆಯುತ್ತದೆ, ಅಡಿಯಲ್ಲಿ ಟೊಳ್ಳು ಉಳಿದಿರುವುದು ತಡೆಯುವುದಿಲ್ಲ. ಒಂದು ನಾಣ್ಯ ಹಿಡಿದು, ಬೈಕು ತಿರುಗುವ ಜಾಗದ ಪ್ರತಿ ಟೈಲನ್ನೂ ನಡುವೆಯೂ ನಾಲ್ಕು ಮೂಲೆಗಳಲ್ಲೂ ತಟ್ಟಿ ನೋಡಿ. ಮಡಕೆ ತಟ್ಟಿದಂತೆ ಸದ್ದು ಬಂದ ಟೈಲುಗಳಿಗೆ ಸೀಮೆಸುಣ್ಣದ ಗುರುತು ಹಾಕಿ. ಅಂಥವು ಒಂದೆರಡಿದ್ದರೆ ಕಿತ್ತು ಕೂರಿಸಿಕೊಳ್ಳಿ. ಹೆಚ್ಚಿದ್ದರೆ 19 ಮಿ.ಮೀ. ಪ್ಲೈವುಡ್ ಹಾಳೆಗಳನ್ನು ಒಂದಕ್ಕೊಂದು ಸಂದಿಲ್ಲದಂತೆ ಹಾಸಿ, ಅದರ ಮೇಲೆ ಡಾಲಿಯನ್ನು ಓಡಾಡಿಸಿ. ನೈಲಾನ್ ಗಾಲಿ ಬೇಡ, ಬೀಡುಕಬ್ಬಿಣದ ಗಾಲಿಯಂತೂ ಬೇಡವೇ ಬೇಡ. ಪಾಲಿಯುರೆಥೇನ್ ಗಾಲಿ ನೆಲಕ್ಕೆ ಮೃದು, ತಿರುಗಲು ಹಗುರ.

ಇನ್ನು ಯಾವ ಡಾಲಿ? ಸೆಂಟರ್ ಸ್ಟ್ಯಾಂಡ್ ಇರುವ ಬೈಕಿಗೆ ಚಿಕ್ಕ ಚೌಕದ ಡಾಲಿಯೊಂದು ಸಾಕು. ಸುಮಾರು 195 ಕೆ.ಜಿ. ತೂಗುವ 350 ಸಿಸಿ ಬುಲೆಟ್ ವರ್ಗದ ಗಾಡಿಗಳನ್ನು ಹಾಗೆ ನಿಲ್ಲಿಸಿದವರಿದ್ದಾರೆ. ಹಿಂದಿನ ಚಕ್ರವನ್ನು ಮಾತ್ರ ಹೊರುವ ತೊಟ್ಟಿಲಿನಂಥ ಡಾಲಿಯೂ ಸಿಗುತ್ತದೆ. ಮುಂಚಕ್ರ ನೆಲದ ಮೇಲೆಯೇ ಉಳಿಯುವುದರಿಂದ ಸೈಡ್ ಸ್ಟ್ಯಾಂಡಿನ ಲೆಕ್ಕ ತಪ್ಪುತ್ತದೆ, ಆದ್ದರಿಂದ ಅದನ್ನು ಕೊಳ್ಳಿ ಎಂದು ನಿಮಗೆ ಹೇಳಲಾರೆ. ನಿಮಗೆ ಬೇಕಾದದ್ದು ಎರಡು ಚಕ್ರಗಳೂ ಸೈಡ್ ಸ್ಟ್ಯಾಂಡೂ ಮೇಲೆ ನಿಲ್ಲುವ ಉದ್ದನೆಯ ಡಾಲಿ. ಸಿದ್ಧ ಮಾದರಿಗಳು ಆನ್‌ಲೈನಿನಲ್ಲಿ ದೊರೆಯುತ್ತವೆಯಾದರೂ, ಹೆಬ್ಬಾಳು, ಮೇಟಗಳ್ಳಿ ಕೈಗಾರಿಕಾ ಪ್ರದೇಶಗಳ ಕಡೆ ಒಳ್ಳೆಯ ಫ್ಯಾಬ್ರಿಕೇಷನ್ ಕೆಲಸಗಾರರಿರುವ ಈ ಊರಿನಲ್ಲಿ ಅಳತೆ ಕೊಟ್ಟು ಮಾಡಿಸಿಕೊಳ್ಳುವುದೇ ಮೇಲು. ಬೈಕನ್ನು ಅಲ್ಲಿಗೇ ತೆಗೆದುಕೊಂಡು ಹೋದರೆ ಸೈಡ್ ಸ್ಟ್ಯಾಂಡ್ ಎಲ್ಲಿ ಊರುತ್ತದೆಂಬುದನ್ನು ಕಣ್ಣೆದುರೇ ಗುರುತು ಹಾಕಿಸಬಹುದು.

ವೆಲ್ಡರ್‌ಗೆ ಹೇಳಬೇಕಾದ ಅಳತೆಗಳು ಇವು. ಸುಮಾರು ಏಳು ಅಡಿ ಉದ್ದದ, 5 ಮಿ.ಮೀ. ದಪ್ಪದ ಎಂ.ಎಸ್. (ಮೈಲ್ಡ್ ಸ್ಟೀಲ್) ಪ್ಲೇಟು ಬೇಕು. ಇಂಥ ಬೈಕುಗಳ ಹಿಂದಿನ ಟೈರು 150 ಮಿ.ಮೀ. ಆಸುಪಾಸು ಅಗಲವಿರುವುದರಿಂದ ಒಳಗೆ 200 ಮಿ.ಮೀ. ಅಗಲ ಉಳಿಯುವಂತೆ ಎರಡು ಅಂಚುಗಳನ್ನೂ 30 ಮಿ.ಮೀ. ಮೇಲಕ್ಕೆ ಮಡಿಸಬೇಕು, ಮಡಿಕೆಯಿಲ್ಲದ ಪ್ಲೇಟು ಹಪ್ಪಳದಂತೆ ಬಾಗುತ್ತದೆ, ಜೊತೆಗೆ ಆ ಅಂಚೇ ಟೈರಿಗೆ ದಾರಿಯನ್ನೂ ತೋರಿಸುತ್ತದೆ. 100 ಮಿ.ಮೀ. ಗಾಲಿಯನ್ನು ಪ್ಲೇಟಿನ ಅಡಿಗೆ ಹಾಕಿದರೆ ಬೈಕು ಐದಾರು ಅಂಗುಲ ಮೇಲೇರಿ ಕುಳಿತುಕೊಳ್ಳುತ್ತದೆ. ಅಷ್ಟು ಎತ್ತರಕ್ಕೆ ತಳ್ಳುವುದೂ ಕಷ್ಟ, ಬಿದ್ದರೆ ನಷ್ಟವೂ ಹೆಚ್ಚು. ಹಾಗಾಗಿ ಗಾಲಿಗಳನ್ನು ಪಕ್ಕಕ್ಕೆ ಚಾಚಿದ ಬ್ರಾಕೆಟ್ಟುಗಳಿಗೆ ಜೋಡಿಸಿ, ಪ್ಲೇಟು ಅವುಗಳ ನಡುವೆ ನೆಲದಿಂದ 20 ಮಿ.ಮೀ. ಎತ್ತರದಲ್ಲಿ ತೂಗುವಂತೆ ಮಾಡಿಸಿ. ಎಡಬಲ ಗಾಲಿಗಳ ನಡುವಿನ ಅಂತರ 700 ಮಿ.ಮೀ. ಇರಲಿ, ಹ್ಯಾಂಡಲಿನ ಅಗಲ ಅದಕ್ಕಿಂತ ಹೆಚ್ಚೇ ಇರುವುದರಿಂದ ಜಾಗವೇನೂ ಕಡಿಮೆಯಾಗದು. ಬ್ರಾಕೆಟ್ಟಿನ ಬುಡಕ್ಕೆ ಗಸೆಟ್, ಅಂದರೆ ಆಧಾರ ಕೊಡುವ ತ್ರಿಕೋನದ ತುಂಡು ಬೆಸೆಯಲೇಬೇಕು, ಏಕೆಂದರೆ ಇಡೀ ಭಾರ ಇಳಿಯುವುದು ಆ ಬೆಸುಗೆಯ ಮೂಲಕವೇ.

ಗಾಲಿಯ ಸಾಮರ್ಥ್ಯವನ್ನು ಲೆಕ್ಕ ಹಾಕುವಾಗ ಒಟ್ಟು ತೂಕವನ್ನು ನಾಲ್ಕರಿಂದ ಭಾಗಿಸಬೇಡಿ. ಏರುಪೇರಿರುವ ನೆಲದಲ್ಲಿ ಒಂದು ಗಾಲಿ ಯಾವಾಗಲೂ ತುಸು ಮೇಲೆದ್ದಿರುತ್ತದೆ, ಭಾರವೆಲ್ಲ ಉಳಿದ ಮೂರರ ಮೇಲೆ ಬೀಳುತ್ತದೆ. 276ನ್ನು ಮೂರರಿಂದ ಭಾಗಿಸಿದರೆ 92 ಕೆ.ಜಿ.; ತಡೆ, ಜರ್ಕು ಎಲ್ಲವನ್ನೂ ಪರಿಗಣಿಸಿ ಒಂದೊಂದೂ 150 ಕೆ.ಜಿ. ಹೊರುವ ಗಾಲಿಯನ್ನೇ ಹಾಕಿಸಿ. ಎಲ್ಲವೂ ಸುತ್ತ ತಿರುಗುವ ಗಾಲಿಗಳಾಗಿರಲಿ, ಆಗ ಮಾತ್ರ ಬೈಕನ್ನು ಅಡ್ಡಡ್ಡ ಸರಿಸಿ ಗೋಡೆಗೆ ಒತ್ತಬಹುದು. ಬ್ರೇಕು ಹಾಕಿದಾಗ ಗಾಲಿಯ ಉರುಳಾಟ, ಸುತ್ತಾಟ ಎರಡೂ ನಿಲ್ಲುವಂಥದ್ದನ್ನು ಆರಿಸಿ.

ಅತಿ ಹೆಚ್ಚು ಜನ ಎಡವುವುದು ಸೈಡ್ ಸ್ಟ್ಯಾಂಡಿನ ಜಾಗದಲ್ಲಿ. ಬೈಕಿನ ಚಕ್ರಗಳು 25 ಮಿ.ಮೀ. ಮೇಲೇರಿ, ಸ್ಟ್ಯಾಂಡು ಮಾತ್ರ ಕೆಳಗೆ ಊರಿದರೆ ಗಾಡಿ ಎಡಕ್ಕೆ ಅತಿಯಾಗಿ ವಾಲುತ್ತದೆ. ಸ್ಟ್ಯಾಂಡಿನ ಪ್ಲೇಟು ಚಕ್ರದ ಪ್ಲೇಟಿಗಿಂತ ಎತ್ತರವಾದರೆ ಗಾಡಿ ನೇರವಾಗಿ ನಿಂತು, ಸಣ್ಣ ತಳ್ಳಾಟಕ್ಕೂ ಬಲಕ್ಕೆ ಉರುಳುತ್ತದೆ. ಎರಡೂ ಪ್ಲೇಟುಗಳು ಒಂದೇ ಮಟ್ಟದಲ್ಲಿರಬೇಕು. ಸ್ಟ್ಯಾಂಡಿನ ಪ್ಲೇಟಿನ ಹೊರತುದಿಗೆ ಐದನೆಯ ಗಾಲಿಯೊಂದು ಬೇಕು. ವಾಲಿ ನಿಂತ ಬೈಕಿನ ತೂಕದ ದೊಡ್ಡ ಪಾಲು ಆ ಕಡೆಗೇ ಇಳಿಯುವುದರಿಂದ, ಅದಿಲ್ಲದಿದ್ದರೆ ಡಾಲಿ ಎಡಕ್ಕೆ ತಿರುಚಿಕೊಳ್ಳುತ್ತದೆ.

ನನ್ನ ವರ್ಕ್‌ಶಾಪಿನಲ್ಲೇ ನಡೆದ ಒಂದು ಘಟನೆಯನ್ನು ಇಲ್ಲಿ ಹೇಳಬೇಕು. ಗಿರಾಕಿಯೊಬ್ಬರ ಬೈಕನ್ನು ಡಾಲಿಯ ಮೇಲೆ ಬಲಕ್ಕೆ ಅಡ್ಡಲಾಗಿ ಸರಿಸುತ್ತಿದ್ದೆ. ನೆಲದಲ್ಲಿ ಬಿದ್ದಿದ್ದ 8 ಮಿ.ಮೀ. ಬೋಲ್ಟಿನ ನಟ್ಟೊಂದು ಗಾಲಿಗೆ ಸಿಕ್ಕಿ ಡಾಲಿ ತಟ್ಟನೆ ನಿಂತಿತು, ಬೈಕು ನಿಲ್ಲಲಿಲ್ಲ. ಬಲಗಡೆ ಸ್ಟ್ಯಾಂಡ್ ಇಲ್ಲವಲ್ಲ. ಟ್ಯಾಂಕು ನೇರವಾಗಿ ವರ್ಕ್‌ಬೆಂಚಿನ ಮೂಲೆಗೆ ಹೋಗಿ ಒರಗಿತು. ಆ ಕಡೆ ನನ್ನ ಹುಡುಗ ನಿಂತಿದ್ದರೆ ಏನಾಗುತ್ತಿತ್ತೆಂದು ನೆನೆದರೆ ಇಂದಿಗೂ ಎದೆ ನಡುಗುತ್ತದೆ. ಎಡಕ್ಕೆ ಸರಿಸುವಾಗ ಡಾಲಿ ತಡೆದು ನಿಂತರೆ ಬೈಕು ತನ್ನ ಸ್ಟ್ಯಾಂಡಿನ ಮೇಲೆಯೇ ಒರಗಿಕೊಳ್ಳುತ್ತದೆ. ಬಲಕ್ಕೆ ಸರಿಸುವಾಗ ಅದನ್ನು ಹಿಡಿಯುವವರಿಲ್ಲ. ಆದ್ದರಿಂದ ನಿಮ್ಮ ಗೋಡೆ ಬೈಕಿನ ಎಡಗಡೆಗೆ ಬರುವಂತೆ ಮೊದಲೇ ಯೋಚಿಸಿ ತಿರುಗಿಸಿ; ಆಗ ಕೊನೆಯ ಅಡ್ಡಚಲನೆ ಎಡಕ್ಕೇ ಆಗುತ್ತದೆ. ಪ್ರತಿ ಬಾರಿ ಡಾಲಿ ಮುಟ್ಟುವ ಮೊದಲು ನೆಲವನ್ನು ಕಸಬರಿಕೆಯಿಂದ ಗುಡಿಸಿ. ಡಾಲಿಯನ್ನು ತಳ್ಳುವಾಗ ಹ್ಯಾಂಡಲಿಗೆ ಕೈ ಹಾಕಬೇಡಿ. ಬೈಕಿನ ಎತ್ತರದಲ್ಲಿ ತಳ್ಳಿದರೆ ಬೈಕು ಉರುಳುತ್ತದೆ, ಡಾಲಿ ನಿಂತಲ್ಲೇ ಇರುತ್ತದೆ. ಪ್ಲೇಟಿನ ಎರಡೂ ತುದಿಗೆ ಸೊಂಟದೆತ್ತರದ ಕಳಚುವ ಹಿಡಿಕೆ ಸಿಕ್ಕಿಸುವಂತೆ ಕೊಳವೆ ಬೆಸೆದುಕೊಂಡರೆ ನಿಮ್ಮ ಬೆನ್ನು ಬಗ್ಗುವ ಅಗತ್ಯವೂ ಇರುವುದಿಲ್ಲ.

ಹತ್ತಿಸುವ ಕೆಲಸಕ್ಕೆ ಇಬ್ಬರು ಬೇಕೇಬೇಕು. ಒಬ್ಬರೇ ಮಾಡುವುದಕ್ಕೆ ನನ್ನ ಒಪ್ಪಿಗೆಯಿಲ್ಲ. ಪ್ಲೇಟಿನ ತುದಿಗೆ 250 ಮಿ.ಮೀ. ಉದ್ದದ ಇಳಿಜಾರು ತುಂಡೊಂದನ್ನು ಸಿಕ್ಕಿಸಿದರೆ, 25 ಮಿ.ಮೀ. ಏರಲು ಹತ್ತಕ್ಕೆ ಒಂದರ ಏರು ಸಿಗುತ್ತದೆ. ಒಮ್ಮೆಗೆ ಒಂದೇ ಚಕ್ರ ಏರುವುದರಿಂದ ಬೇಕಾಗುವ ಬಲ ಹನ್ನೆರಡು ಕೆ.ಜಿ.ಯ ಸುಮಾರು ಮಾತ್ರ. ಇಬ್ಬರಿಗೆ ಅದು ಹೊರೆಯಲ್ಲ. ಎಂಜಿನ್ ಚಾಲೂ ಮಾಡಿ ಓಡಿಸಿಕೊಂಡು ಹತ್ತಿಸುವ ಸಾಹಸ ಎಂದೂ ಬೇಡ. ನಾಲ್ಕು ಬ್ರಾಕೆಟ್ಟುಗಳ ಪಕ್ಕದಲ್ಲಿ ಒಂದೊಂದು ಎಂ16 (16 ಮಿ.ಮೀ. ಬೋಲ್ಟಿನ) ನಟ್ಟು ಬೆಸೆದು, ಅದರಲ್ಲಿ ಉದ್ದನೆಯ ಬೋಲ್ಟು ಹಾಕಿಸಿಕೊಳ್ಳಿ. ಆ ಬೋಲ್ಟನ್ನು ಒಂದು ಸುತ್ತು ತಿರುಗಿಸಿದರೆ 2 ಮಿ.ಮೀ. ಇಳಿಯುತ್ತದೆ, ನಾಲ್ಕೈದು ಸುತ್ತಿಗೆ ಗಾಲಿಗಳು ನೆಲ ಬಿಡುತ್ತವೆ, ಡಾಲಿ ಮೇಜಿನಂತೆ ಗಟ್ಟಿಯಾಗಿ ಕೂರುತ್ತದೆ. ಹತ್ತಿಸುವಾಗಲೂ ಇಳಿಸುವಾಗಲೂ ಡಾಲಿ ಹೀಗೆ ಬೋಲ್ಟುಗಳ ಮೇಲೆಯೇ ಕುಳಿತಿರಬೇಕು, ಗಾಲಿಯ ಬ್ರೇಕನ್ನಷ್ಟೇ ನಂಬಬಾರದು. ಬೈಕಿನ ಎಡಗಡೆ ನಿಂತವರ ಬೆರಳು ಮುಂದಿನ ಬ್ರೇಕಿನ ಮೇಲಿರಲಿ, ಇನ್ನೊಬ್ಬರು ಹಿಂದಿನಿಂದ ಗ್ರ್ಯಾಬ್ ರೈಲ್ ಹಿಡಿದು ತಳ್ಳಲಿ. ಹತ್ತಿದ ಮೇಲೆ ಸ್ಟ್ಯಾಂಡು ಊರಿ, ಮೊದಲ ಗೇರಿಗೆ ಹಾಕಿ, ಮುಂದಿನ ಬ್ರೇಕಿನ ಲಿವರ್ ಅನ್ನು ಹಳೆಯ ಟ್ಯೂಬಿನ ತುಂಡಿನಿಂದ ಬಿಗಿದು, ಎರಡು ಬೆಲ್ಟುಗಳಿಂದ ಬೈಕನ್ನು ಡಾಲಿಗೇ ಕಟ್ಟಿ. ಗೋಡೆಗೆ ಕಟ್ಟಿದರೆ ಡಾಲಿ ಅಲುಗಿದಾಗ ಬೆಲ್ಟೇ ಬೈಕನ್ನು ಎಳೆದು ಬೀಳಿಸಬಹುದು. ಎರಡೂ ಕಡೆಯಿಂದ ಬೆಲ್ಟು ಬಿಗಿದ ನಂತರವೇ ಬೋಲ್ಟುಗಳನ್ನು ಮೇಲೆತ್ತಿ, ಡಾಲಿಯನ್ನು ತಿರುಗಿಸುವ ಕೆಲಸ ಆರಂಭಿಸಿ.

ಎರಡು ವರ್ಷ ಅದರ ಮೇಲೆಯೇ ಬಿಡಬಹುದೇ ಎಂಬ ಪ್ರಶ್ನೆಗೂ ಈ ಬೋಲ್ಟುಗಳೇ ಉತ್ತರ. ಪಾಲಿಯುರೆಥೇನ್ ಗಾಲಿಯ ಮೇಲೆ ತಿಂಗಳುಗಟ್ಟಲೆ ಒಂದೇ ಕಡೆ ಭಾರ ಬಿದ್ದರೆ ಅದು ಚಪ್ಪಟೆಯಾಗುತ್ತದೆ, ಆಮೇಲೆ ದಡದಡ ಎನ್ನುತ್ತದೆ. ಬೋಲ್ಟಿನ ತುದಿಗಳ ಅಡಿಗೆ ಆರು ಅಂಗುಲ ಉದ್ದಗಲದ ಮರದ ತುಂಡುಗಳನ್ನಿಟ್ಟು ಭಾರವನ್ನೆಲ್ಲ ಅವುಗಳಿಗೆ ಬಿಟ್ಟರೆ ಗಾಲಿಯೂ ಉಳಿಯುತ್ತದೆ, ಟೈಲ್ಸೂ ಉಳಿಯುತ್ತವೆ. ಆಯುಧಪೂಜೆಗೆ ಗಾಡಿ ತೊಳೆಯುವಾಗ ಮಾತ್ರ ಡಾಲಿಯಿಂದ ಇಳಿಸಿಯೇ ತೊಳೆಯಿರಿ. ಸೋಪುನೀರು ಹರಿದ ಟೈಲ್ಸ್ ಮೇಲೆ ಗಾಲಿಯೂ ಜಾರುತ್ತದೆ, ತಳ್ಳುವವರ ಕಾಲೂ ಜಾರುತ್ತದೆ. ಚಕ್ರದಡಿ ನಿಂಬೆಹಣ್ಣು ಇಡುವುದೂ ನೆಲದ ಮೇಲೆಯೇ ಆಗಲಿ.

ಬೈಕಿನ ಆರೋಗ್ಯದ ಬಗ್ಗೆ ನೀವು ಕೇಳಿಲ್ಲವಾದರೂ ಒಂದು ಮಾತು ಹೇಳಲೇಬೇಕು, ಏಕೆಂದರೆ ಡಾಲಿಯ ಮೇಲೆ ಅಚ್ಚುಕಟ್ಟಾಗಿ ನಿಂತ ಗಾಡಿಯನ್ನು ಜನ ಮರೆತುಬಿಡುತ್ತಾರೆ. ಎರಡು ವರ್ಷ ಅಲುಗಾಡದೆ ನಿಲ್ಲುವುದು ಯಾವ ಗಾಡಿಗೂ ಒಳ್ಳೆಯದಲ್ಲ. ಪರಿಚಯದ, ಭಾರದ ಗಾಡಿ ಓಡಿಸಿ ಅಭ್ಯಾಸವಿರುವ, ಲೈಸೆನ್ಸ್ ಇರುವ ಯುವಕರೊಬ್ಬರು ತಿಂಗಳಿಗೊಮ್ಮೆ ಬಂದು ಇಳಿಸಿ ಶ್ರೀರಂಗಪಟ್ಟಣದವರೆಗೆ ಹೋಗಿ ಬಂದರೆ ಅದಕ್ಕಿಂತ ಉತ್ತಮ ಆರೈಕೆ ಬೇರೆ ಇಲ್ಲ; ಹತ್ತಿಸಲು ಇಳಿಸಲು ಬೇಕಾದ ಎರಡನೆಯ ವ್ಯಕ್ತಿಯೂ ಆಗ ಸಿಕ್ಕಂತಾಯಿತು. ನಿಂತಲ್ಲೇ ಐದು ನಿಮಿಷ ಎಂಜಿನ್ ಓಡಿಸುವ ಪದ್ಧತಿಯನ್ನು ಬಿಡಿ. ಎಂಜಿನ್ ಪೂರ್ತಿ ಬಿಸಿಯಾಗದೆ ಒಳಗಿನ ತೇವ ಆರುವುದಿಲ್ಲ, ಅದು ಆಯಿಲ್ ಮತ್ತು ಸೈಲೆನ್ಸರಿನಲ್ಲೇ ಉಳಿದು ತುಕ್ಕಿಗೆ ಕಾರಣವಾಗುತ್ತದೆ. ಓಡಿಸುವವರು ಸಿಗದಿದ್ದರೆ, ಹೊಸ ಆಯಿಲ್ ಹಾಕಿಸಿ, ಬ್ಯಾಟರಿಯ ನೆಗೆಟಿವ್ ತಂತಿಯನ್ನು ಮೊದಲು ಬಿಚ್ಚಿ ಬ್ಯಾಟರಿಯನ್ನು ಒಳಗಿಟ್ಟು ತಿಂಗಳಿಗೊಮ್ಮೆ ಚಾರ್ಜ್ ಮಾಡಿಸಿ. ಈಗಿನ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥೆನಾಲ್ ಇರುವುದರಿಂದ ಅದು ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಎರಡು ಮಳೆಗಾಲ ಅದನ್ನು ಟ್ಯಾಂಕಿನಲ್ಲಿ ಬಿಡದೆ ಮೆಕ್ಯಾನಿಕ್ ಕೈಯಲ್ಲಿ ಖಾಲಿ ಮಾಡಿಸಿ, ಟ್ಯಾಂಕಿನ ಒಳಮೈಗೆ ಆಯಿಲ್ ಲೇಪ ಹಾಕಿಸಿ. ಸೈಲೆನ್ಸರಿನ ಬಾಯಿಗೆ ಬಟ್ಟೆ ತುರುಕಿ, ಅದು ಕಣ್ಣಿಗೆ ಬೀಳುವಂತೆ ಕೆಂಪು ದಾರ ಇಳಿಬಿಡಿ. ಹೊದಿಕೆ ಗಾಳಿಯಾಡುವ ಬಟ್ಟೆಯದಾಗಿರಲಿ, ಪ್ಲಾಸ್ಟಿಕ್ ಶೀಟು ಬೇಡ. ಸೀಟಿನಡಿಯ ವೈರುಗಳನ್ನು ಇಲಿ ಕಡಿದಿದೆಯೇ ಎಂದು ಹದಿನೈದು ದಿನಕ್ಕೊಮ್ಮೆ ಟಾರ್ಚು ಹಿಡಿದು ನೋಡುತ್ತಿರಿ.

ಡಾಲಿಯನ್ನು ಮಗ ಹೊರಡುವುದಕ್ಕೆ ಕನಿಷ್ಠ ಎರಡು ವಾರ ಮುಂಚೆಯೇ ಮಾಡಿಸಿ ತನ್ನಿ. ಅವನು ಊರಿನಲ್ಲಿರುವಾಗಲೇ, ಕಾರನ್ನು ಹೊರಗೆ ನಿಲ್ಲಿಸಿ, ಹತ್ತಿಸುವುದು, ತಿರುಗಿಸುವುದು, ಗೋಡೆಗೆ ಒತ್ತುವುದು, ಮತ್ತೆ ಇಳಿಸುವುದು ಇಷ್ಟನ್ನೂ ಮೂರು ನಾಲ್ಕು ಬಾರಿ ಅವನ ಜೊತೆ ಮಾಡಿ ನೋಡಿ. ಮುಂದೆ ತಿಂಗಳಿಗೊಮ್ಮೆ ಬರುವ ಯುವಕನೂ ಆಗ ಅಲ್ಲಿರಲಿ. ಬೈಕಿನ ಚಕ್ರಗಳು ಪ್ಲೇಟಿನ ಮೇಲೆ ಸರಿಯಾಗಿ ಕೂತ ಜಾಗಕ್ಕೂ, ಡಾಲಿ ಗೋಡೆಯ ಪಕ್ಕ ನಿಂತಾಗ ಗಾಲಿಗಳು ಬರುವ ಜಾಗಕ್ಕೂ ಬಿಳಿ ಪೇಂಟಿನಿಂದ ಗುರುತು ಹಾಕಿಸಿಬಿಡಿ.